ವಸಡಿಗೂ ಒಂದು ವಂಶಾವಳಿ

ಕನ್ನಡ ವರ್ಣಮಾಲೆಯಲ್ಲಿ ತಕಾರದಿಂದ ನಕಾರದವರೆಗಿನ ಐದು ಅಕ್ಷರಗಳಿಗೆ ದಂತ್ಯಗಳೆಂದು ಹೆಸರು. ನಾಲಗೆಯ ತುದಿ ಮೇಲಿನ ಸಾಲಿನ ಹಲ್ಲುಗಳ ಹಿಂಬದಿಗೆ ತಾಗಿದಾಗ ಹುಟ್ಟುವ ಧ್ವನಿಗಳಿವು ಎಂದು 20 ವರ್ಷಗಳಿಂದ ಬಿ.ಎ. ತರಗತಿಗಳಲ್ಲಿ ಹೇಳುತ್ತ ಬಂದಿದ್ದೇನೆ. ಈ ಲಕ್ಷಣವೆಲ್ಲ ಹಲ್ಲು ಅಲುಗದೆ ನಿಂತಿದೆಯೆಂಬ ಒಂದು ನಂಬಿಕೆಯ ಮೇಲೆ ನಿಂತಿದೆಯೆಂಬುದು ಮಾತ್ರ ನನಗೆ ಎಂದೂ ಹೊಳೆದಿರಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ದಿನ ಹಳಗನ್ನಡ ಗದ್ಯವನ್ನು ಓದಿ ಅರ್ಥ ಹೇಳುತ್ತಿದ್ದೆ. ಒತ್ತಿ ನುಡಿಯಬೇಕಾದ ಒಂದು ದಕಾರದ ಬಳಿ ನನ್ನ ಮೇಲಿನ ಸಾಲಿನ ಮುಂದಿನ ಹಲ್ಲೊಂದು ನಾಲಗೆಯ ಒತ್ತಡಕ್ಕೆ ಹೊರಕ್ಕೆ ಸರಿದು, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ನೋವೇನೂ ಆಗಲಿಲ್ಲ. ಬಾಗಿಲ ಚಿಲಕ ಸಡಿಲವಾದಾಗ ಆಗುವಂಥ ಒಂದು ಸಣ್ಣ ಅಲುಗಾಟ, ಅಷ್ಟೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಲೆಯೆತ್ತಿ ನೋಡಿದಳು. ನನಗೆ ಆಗ 46 ವರ್ಷ.

ಸಾಹಿತ್ಯದ ಪುಟದಲ್ಲಿ ವಸಡಿನ ಬೇನೆಯ ಮಾತೇಕೆಂದು ವಾಚಕರು ಕೇಳಬಹುದು. ನಮ್ಮ ಕವಿಗಳು ಹಲ್ಲನ್ನು ಬಿಟ್ಟವರಲ್ಲ. ಮಲ್ಲಿಗೆಯ ಮೊಗ್ಗು, ಮುತ್ತು, ದಾಳಿಂಬದ ಬೀಜ ಎಂದು ಅದಕ್ಕೆ ಉಪಮಾನಗಳನ್ನು ಹುಡುಕುವುದರಲ್ಲಿ ಅವರು ದಣಿದುದೇ ಇಲ್ಲ. ಆದರೆ ಆ ಬೀಜವನ್ನು ಹಿಡಿದಿಟ್ಟ ವಸಡಿನ ಪಾಲಿಗೆ ಒಂದು ಒಳ್ಳೆಯ ಮಾತೂ ಬಂದಂತಿಲ್ಲ. ಕುಷ್ಟಗಿ, ಯಲಬುರ್ಗಾಗಳ ಕಡೆಯವರು ದಾಳಿಂಬೆಯನ್ನು ಕಾವ್ಯದಲ್ಲಲ್ಲ, ತೋಟದಲ್ಲಿಯೇ ಬಲ್ಲವರು. ಕಾಯಿಯನ್ನು ಬಿಡಿಸಿ ನೋಡಿದವರಿಗೆ ಗೊತ್ತು, ಕಾಳು ನಿಂತಿರುವುದು ತನ್ನ ಬಲದಿಂದಲ್ಲ, ಸುತ್ತಣ ಹಳದಿ ತೊಗಲಿನ ಬಲದಿಂದ. ತೊಗಲು ಕೊಳೆತರೆ ಕಾಳು ಎಷ್ಟು ಕೆಂಪಾಗಿದ್ದರೂ ಉದುರುತ್ತದೆ. ವಸಡಿನ ಬೇನೆಯಲ್ಲಿ ಆಗುವುದೂ ಇದೇ. ಹಲ್ಲು ಹುಳುಕಾಗಿರುವುದಿಲ್ಲ, ಮುರಿದಿರುವುದಿಲ್ಲ, ಮುತ್ತಿನಂತೆಯೇ ಇರುತ್ತದೆ. ಹಾಗೆಯೇ ಕೈಗೆ ಬರುತ್ತದೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ನಾಡಿಗೆ ಎಲ್ಲೆಗಳನ್ನು ಹೇಳುವಾಗ ನಮ್ಮ ಕೊಪಣವನ್ನು ಹೆಸರಿಸಿದನೆಂದು ನಾವು ಹೆಮ್ಮೆಪಡುತ್ತೇವೆ. ಆ ಕನ್ನಡವನ್ನು ಆಡುವ ಬಾಯಿಯ ಯೋಗಕ್ಷೇಮವನ್ನೂ ಒಂದು ದಿನದ ಮಟ್ಟಿಗೆ ವಿಚಾರಿಸಿದರೆ ಸಾಹಿತ್ಯಕ್ಕೆ ಹಾನಿಯಾಗಲಾರದು.

ನನ್ನ ತಾಯಿಯ ಅಣ್ಣ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಒಕ್ಕಲಿಗ. ನಾನು ಚಿಕ್ಕವನಿದ್ದಾಗ ಬೇಸಗೆಯ ರಜೆಯೆಂದರೆ ಆ ಊರು. ಊಟದ ಹೊತ್ತಿಗೆ ಎಲ್ಲರ ತಾಟಿನಲ್ಲಿ ಸಜ್ಜೆಯ ಖಟಿ ರೊಟ್ಟಿ ಮುರಿಯುವ ಸದ್ದು ಎದ್ದರೆ, ಮಾಮಾನ ತಾಟಿನಲ್ಲಿ ಮಾತ್ರ ಸದ್ದಿಲ್ಲ. ಅವನು ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಯಿಟ್ಟು, ಅದು ಮೆತ್ತಗಾಗುವ ತನಕ ನಮ್ಮೊಡನೆ ಮಾತನಾಡುತ್ತ ಕೂತಿರುತ್ತಿದ್ದ. ಅವನಿಗೆ ಆಗಿನ್ನೂ 40 ತುಂಬಿರಲಿಲ್ಲ. ಬಾಯಲ್ಲಿ ಉಳಿದಿದ್ದುದು ನಾಲ್ಕೋ ಐದೋ ಹಲ್ಲು. ಅವನು ಬೇವಿನ ಕಡ್ಡಿ ಕಚ್ಚದೆ ಮುಂಜಾನೆ ನೀರು ಮುಟ್ಟಿದವನಲ್ಲ. ಎಲೆ ಅಡಿಕೆಯ ಚಟವಿರಲಿಲ್ಲ, ತಂಬಾಕು ಇರಲಿಲ್ಲ. ಅದೇ ಮನೆಯ ಹೊಲದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಮುದುಕನಿದ್ದ. ಹಲ್ಲುಜ್ಜಿದ್ದನ್ನು ಯಾರೂ ಕಂಡವರಿಲ್ಲ, ದವಡೆಯಲ್ಲಿ ತಂಬಾಕಿನ ಉಂಡೆ ಸದಾ ಇರುತ್ತಿತ್ತು. ಅವನು 70ರ ವಯಸ್ಸಿನಲ್ಲಿ ಹುರಿಗಡಲೆಯನ್ನು ಕಟಕಟನೆ ಅಗಿಯುತ್ತ ಮಾಮಾನ ಮುಂದೆಯೇ ಕೂತಿರುತ್ತಿದ್ದ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಆ ಪಡಸಾಲೆಯಲ್ಲಿ ನೋಡಿದ್ದೆ.

ಊರಿನವರ ಬಳಿ ಇದಕ್ಕೆ ಎರಡು ಸಮಾಧಾನಗಳಿದ್ದುವು. ಒಂದು, ನೀರು, ಇನ್ನೊಂದು, ಹಣೆಬರಹ. ನೀರಿನ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲ್ಲೂಕುಗಳಲ್ಲಿ, ವಿಶೇಷವಾಗಿ ಒಣಬೇಸಾಯದ ಸೀಮೆಯ ಕೊಳವೆಬಾವಿಗಳಲ್ಲಿ, ಫ್ಲೋರೈಡಿನ ಅಂಶ ಕುಡಿಯುವ ನೀರಿಗೆ ಹೇಳಿದ ಮಿತಿಯನ್ನು ಮೀರಿದೆಯೆಂಬುದು ಪ್ರಸಿದ್ಧ ಸಂಗತಿ. ಲೀಟರಿಗೆ 1.5 ಮಿಲಿಗ್ರಾಮಿನ ಆಚೆಗೆ ಹೋದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು, ಸುಣ್ಣದ ಬಣ್ಣದ ಮಚ್ಚೆಗಳು ಏಳುತ್ತವೆ. ನನ್ನ ತರಗತಿಯಲ್ಲಿ ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯುವ ಹುಡುಗ ಹುಡುಗಿಯರು ಪ್ರತಿವರ್ಷವೂ ಇರುತ್ತಾರೆ. ಆದರೆ ಅದು ಹಲ್ಲಿನ ಹೊರಕವಚದ ಕೇಡು, ಹೆಚ್ಚಾದರೆ ಎಲುಬಿನ ಕೇಡು. ವಸಡು ಬಿಟ್ಟುಕೊಟ್ಟು ಹಲ್ಲು ಸಡಿಲವಾಗುವುದು ಬೇರೆಯೇ ರೋಗ. ನಮ್ಮಲ್ಲಿ ಎರಡನ್ನೂ ಕಲಸಿ 'ಹಲ್ಲು ಕೆಟ್ಟಾವ' ಎಂಬ ಎರಡೇ ಶಬ್ದಗಳಲ್ಲಿ ಮುಗಿಸುವ ರೂಢಿ. ನೀರಿನ ತೊಂದರೆಗೆ ಸರಕಾರದ ಕಡೆಗೆ ಬೆರಳು ತೋರಿಸಬಹುದು. ವಸಡಿನ ತೊಂದರೆಗೆ ಯಾರ ಕಡೆಗೆ ತೋರಿಸಬೇಕು?

ಓದಿದವರಾದ ನಾವು ಊರಿನವರಿಗಿಂತ ನಿಷ್ಠುರರು. ನೀರು, ಹಣೆಬರಹ ಎರಡನ್ನೂ ಬಿಟ್ಟು ಮೂರನೆಯದೊಂದನ್ನು ಹಿಡಿದಿದ್ದೇವೆ: ನಿಷ್ಕಾಳಜಿ. ಹಲ್ಲು ಹೋಯಿತೆಂದರೆ ಅವನು ಬಾಯಿ ತೊಳೆಯದವನು, ಅವಳು ಕೊಳಕಿ. ನಾನೂ ಮಾಮಾನ ವಿಷಯದಲ್ಲಿ ಬಹುಕಾಲ ಹೀಗೆಯೇ ತಿಳಿದಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಬೇವಿನ ಕಡ್ಡಿಯನ್ನು ಕಣ್ಣಾರೆ ಕಂಡೂ ಹಾಗೆ ತಿಳಿದಿದ್ದೆ.

ಕೊಪ್ಪಳದ ದಂತವೈದ್ಯರೊಬ್ಬರು, ನನಗಿಂತ ಹದಿನೈದು ವರ್ಷ ಚಿಕ್ಕವರು, ನನ್ನ ಬಾಯೊಳಗೆ ಗೆರೆಗಳ ಗುರುತಿರುವ ಒಂದು ತೆಳುವಾದ ಸಲಾಕೆಯನ್ನು ಇಳಿಸಿ ಪ್ರತಿ ಹಲ್ಲಿನ ಸುತ್ತ ಅಳೆದರು. ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಒಂದು ಸಣ್ಣ ಸಂದು ಇರುತ್ತದೆ. ಅದು 3 ಮಿಲಿಮೀಟರಿನ ಒಳಗಿದ್ದರೆ ಕ್ಷೇಮ. ನನ್ನಲ್ಲಿ ಕೆಲವೆಡೆ 6, ಒಂದೆಡೆ 8 ಇತ್ತು. ಸಲಾಕೆಯನ್ನು ಕೆಳಗಿಟ್ಟು ಅವರು ಕೇಳಿದ ಮೊದಲನೆಯ ಪ್ರಶ್ನೆ ಬ್ರಷ್ಷಿನದಲ್ಲ. "ಸರ್, ನಿಮ್ಮ ಮನ್ಯಾಗ ಮತ್ತ್ಯಾರಿಗರ ಸಣ್ಣ ವಯಸ್ಸಿನ್ಯಾಗ ಹಲ್ಲು ಹೋಗ್ಯಾವೇನ್ರಿ?"

ಅಂದು ಆ ಕುರ್ಚಿಯಲ್ಲಿ ಒರಗಿದ್ದಾಗ 35 ವರ್ಷ ಹಿಂದಿನ ಸಾರಿನಲ್ಲಿ ನೆನೆದ ರೊಟ್ಟಿ ನನಗೆ ನೆನಪಿಗೆ ಬಂದಿತು. ಈ ಲೇಖನ ಆ ಪ್ರಶ್ನೆಯ ಫಲ. ಆ ಮೇಲೆ ವೈದ್ಯರಿಂದ ಕೇಳಿದ್ದನ್ನೂ ಅವರು ಕೊಟ್ಟ ಲೇಖನಗಳಿಂದ ಅರಿತದ್ದನ್ನೂ, ಭಾಷೆಯ ಮೇಷ್ಟರಿಗೆ ಎಷ್ಟು ತಿಳಿಯಬಹುದೋ ಅಷ್ಟರ ಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಮೊದಲಿಗೆ, ಉಜ್ಜದಿದ್ದರೆ ವಸಡು ಕೆಡುತ್ತದೆಂಬುದರಲ್ಲಿ ಸಂದೇಹವಿಲ್ಲ. 1965ರಲ್ಲಿ ಹೆರಾಲ್ಡ್ ಲೋ ಎಂಬ ನಾರ್ವೆಯ ವಿದ್ವಾಂಸರು ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ, ಆರೋಗ್ಯವಾದ ವಸಡಿನ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದೊಡನೆ ಎಲ್ಲರದೂ ಇಳಿಯಿತು. ಹಲ್ಲಿನ ಬುಡದಲ್ಲಿ ಸೂಕ್ಷ್ಮಜೀವಿಗಳು ಕಟ್ಟುವ ಅಂಟುಪೊರೆಯೇ ಬಾವಿಗೆ ಮೂಲವೆಂದು ಅಲ್ಲಿಗೆ ಸ್ಥಿರವಾಯಿತು. ಪ್ರಶ್ನೆ ಅದರ ಮುಂದಿನದು. ಬಾವು ಬಂದವರಲ್ಲಿ ಎಲ್ಲರ ಹಲ್ಲೂ ಬೀಳುತ್ತದೆಯೇ?

ಉತ್ತರ ಸಿಕ್ಕಿದ್ದು ನಮ್ಮ ನೆರೆಯ ಸಿಂಹಳದಲ್ಲಿ. 1970ರಿಂದ 15 ವರ್ಷಗಳ ಕಾಲ ಅದೇ ಲೋ ಮತ್ತು ಅವರ ಸಂಗಡಿಗರು ಶ್ರೀಲಂಕೆಯ ಚಹಾ ತೋಟಗಳ 480 ಗಂಡಾಳುಗಳ ಬಾಯಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಇವರಿಗೆ ಹಲ್ಲುಜ್ಜುವ ರೂಢಿಯಿರಲಿಲ್ಲ, ಹಲ್ಲಿನ ವೈದ್ಯರ ಮುಖವನ್ನು ಕಂಡಿರಲಿಲ್ಲ. ಎಲ್ಲರ ಹಲ್ಲಿನ ಬುಡದಲ್ಲೂ ಗಾರೆ ಕಟ್ಟಿತ್ತು, ಎಲ್ಲರ ವಸಡೂ ಬಾತಿತ್ತು. ಒಂದೇ ಕೆಲಸ, ಒಂದೇ ಬಗೆಯ ಬಾಳು, ಒಂದೇ ಕೊಳೆ. 1986ರಲ್ಲಿ ಅವರು ಲೆಕ್ಕವನ್ನು ಪ್ರಕಟಿಸಿದಾಗ ನೂರಕ್ಕೆ 8 ಮಂದಿಯಲ್ಲಿ ವಸಡಿನ ಹಿಡಿತ ಅತಿ ವೇಗವಾಗಿ ಕಳಚಿತ್ತು, 81 ಮಂದಿಯಲ್ಲಿ ಮೆಲ್ಲಗೆ ಕಳಚುತ್ತಿತ್ತು, 11 ಮಂದಿಯಲ್ಲಿ ಬಾವು ಬಾವಾಗಿಯೇ ಉಳಿದು ಹಲ್ಲು ಅಲುಗಿರಲೇ ಇಲ್ಲ. ಮೊದಲ ಗುಂಪಿನವರ ಬಾಯಿ 45ರ ಸುಮಾರಿಗೆ ಬಹುಮಟ್ಟಿಗೆ ಬರಿದಾಗಿತ್ತು. ಈ ಮೂರು ಅಂಕಿಗಳನ್ನು ಓದಿದಾಗ ನನ್ನ ಕಣ್ಣೆದುರಿಗೆ ಬಂದವರು ತೋಟದ ಆಳುಗಳಲ್ಲ. ಆ 11 ಮಂದಿಯಲ್ಲಿ ಹುರಿಗಡಲೆಯ ಮುದುಕ ಕೂತಿದ್ದ. ಆ 8 ಮಂದಿಯಲ್ಲಿ, ಬೇವಿನ ಕಡ್ಡಿಯನ್ನು ಕೈಯಲ್ಲಿ ಹಿಡಿದೇ, ನನ್ನ ಮಾಮಾ.

ಹಾಗಾದರೆ ವ್ಯತ್ಯಾಸ ಕೊಳೆಯಲ್ಲಿಲ್ಲ, ಕೊಳೆಗೆ ಒಡಲು ಕೊಡುವ ಉತ್ತರದಲ್ಲಿದೆ. ಅಂಟುಪೊರೆಯಲ್ಲಿ ಜೀವಿಗಳು ಹೆಚ್ಚಿದವೆಂದು ತಿಳಿದೊಡನೆ ರಕ್ತದ ಬಿಳಿಯ ಕಣಗಳು, ಅವುಗಳಲ್ಲಿಯೂ ನ್ಯೂಟ್ರೋಫಿಲ್ ಎಂಬವು, ನಾಳಗಳಿಂದ ಹೊರಬಿದ್ದು ವಸಡಿನ ಸಂದಿಗೆ ಧಾವಿಸುತ್ತವೆ. ಅವು ಚೆಲ್ಲುವ ಕಿಣ್ವಗಳು ಶತ್ರುವನ್ನು ಕೊಲ್ಲುವುದರೊಡನೆ ಸ್ವಂತ ವಸಡಿನ ನಾರನ್ನೂ ಕರಗಿಸುತ್ತವೆ. ಬಾವು ದೀರ್ಘವಾದರೆ ಎಲುಬನ್ನು ತಿನ್ನುವ ಕಣಗಳಿಗೂ ಕರೆ ಹೋಗಿ ದವಡೆಯ ಎಲುಬು ಕೆಳಕ್ಕೆ ಸರಿಯತೊಡಗುತ್ತದೆ. ಎಲುಬು ಸರಿದ ಮೇಲೆ ಹಲ್ಲು ನಿಲ್ಲುವುದೆಲ್ಲಿ? ಗಂಗಾವತಿ, ಕೊಪ್ಪಳಗಳ ಗುಡ್ಡದ ಸೆರಗಿನ ರೈತರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ರಾತ್ರಿ ಹೊಲಕ್ಕೆ ಕರಡಿ ನುಗ್ಗುತ್ತದೆ. ಊರೆಲ್ಲ ಕೋಲು ಪಂಜು ಹಿಡಿದು ಓಡಿಬರುತ್ತದೆ. ಬೆಳಗಾಗಿ ನೋಡಿದರೆ ಕರಡಿ ಕೆಡಿಸಿದ್ದು ನಾಲ್ಕು ಸಾಲು, ಓಡಿಸಲು ಬಂದವರು ತುಳಿದದ್ದು ಅರ್ಧ ಎಕರೆ. ಕೆಲವರ ಊರಿನ ಜನ ಸಾಲಿನ ನಡುವೆ ನೋಡಿ ಹೆಜ್ಜೆಯಿಡುತ್ತಾರೆ, ಕೆಲವರ ಊರಿನವರು ಕಂಡಕಂಡಲ್ಲಿ ನುಗ್ಗುತ್ತಾರೆ. ಈ ಸ್ವಭಾವ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು.

ಬಹುಮಟ್ಟಿಗೆ ಎಂದರೆ ಎಷ್ಟು? ಅಮೆರಿಕದ ಮಿನೆಸೋಟದಲ್ಲಿ ಅವಳಿಜವಳಿಗಳನ್ನು ಪರೀಕ್ಷಿಸಿದ ಮೈಕಲೋವಿಟ್ಸ್ ಮತ್ತು ಅವರ ಜೊತೆಗಾರರು 1991ರಲ್ಲಿ 110 ಜೋಡಿಗಳನ್ನೂ 2000ದಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 117 ಜೋಡಿಗಳನ್ನೂ ನೋಡಿ, ಜನರ ನಡುವೆ ಈ ರೋಗದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧಕ್ಕೆ ವಂಶವಾಹಿಗಳು ಕಾರಣವೆಂದು ಹೇಳಿದರು. ಅನಂತರದ ಲೆಕ್ಕಗಳು ಈ ಅರ್ಧವನ್ನು ಇನ್ನಷ್ಟು ಇಳಿಸಿವೆ. ಅರ್ಧವೆಂದರೆ ನನ್ನ ಹದಿನಾರು ಹಲ್ಲು ತಾತನ ಪಾಲು, ಉಳಿದ ಹದಿನಾರು ನನ್ನ ಪಾಲು ಎಂದಲ್ಲ. ಒಂದು ಸಮುದಾಯದೊಳಗಿನ ಏರುಪೇರಿನ ಲೆಕ್ಕವದು. ನನಗೆ ಹೆಚ್ಚು ಹಿಡಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು. ವಸಡು ಕೆಂಪಾಗಿ ರಕ್ತ ಒಸರುವ ಮೊದಲ ಹಂತಕ್ಕೆ, ನಡೆನುಡಿಗಳ ಪಾಲನ್ನು ಕಳೆದು ನೋಡಿದಾಗ, ವಂಶದ ಗುರುತು ಸಿಗಲಿಲ್ಲ. ಬಾವು ಎಲ್ಲರಿಗೂ ಬರುತ್ತದೆ, ಎಲ್ಲರಲ್ಲೂ ಇಳಿಸಬಹುದು. ಆಮೇಲಿನ ಎಲುಬಿನ ನಾಶದಲ್ಲಿ ಮಾತ್ರ ವಂಶ ತನ್ನ ಕೈ ತೋರಿಸುತ್ತದೆ. ನೂಲಿನಂತೆ ಸೀರೆ ಎಂಬ ಗಾದೆ ಇಲ್ಲಿ ಅರ್ಧ ನಿಜ. ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆ ಮಾತ್ರ ಪೂರ್ತಿ ಸುಳ್ಳು. ಹುಟ್ಟುಗುಣ ಹೋಗದಿರಬಹುದು, ಅದು ಕೆರಳುವುದಕ್ಕೆ ಬೇಕಾದ ಬಾವನ್ನು ದಿನದಿನವೂ ತೊಳೆದುಹಾಕಬಹುದಲ್ಲ!

ಒಡಲಿನ ಕಾವಲೇ ಕೇಡು ಮಾಡುತ್ತದೆಂಬುದಕ್ಕೆ ಅಪೂರ್ವವಾದೊಂದು ದೃಷ್ಟಾಂತವಿದೆ. ಕೆಲವು ಮಕ್ಕಳಲ್ಲಿ ಒಂದು ವಂಶವಾಹಿಯ ದೋಷದಿಂದ ಬಿಳಿಯ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಬರಲಾರವು. ಇಂಥ ಮಕ್ಕಳ ಹಲ್ಲು ಚಿಕ್ಕಂದಿನಲ್ಲೇ ಉದುರುತ್ತದೆ. ಕಾವಲಿನವರಿಲ್ಲದ್ದರಿಂದ ಸೂಕ್ಷ್ಮಜೀವಿಗಳು ವಸಡನ್ನು ತಿಂದುವೆಂದೇ ಬಹುಕಾಲ ತಿಳಿದಿದ್ದರು. ಅಮೆರಿಕದ ಸಂಶೋಧಕರು ಹತ್ತಿರ ಹೋಗಿ ನೋಡಿದಾಗ, ಕಾವಲಿನವರು ಬರಲಿಲ್ಲವೆಂದು ವಸಡು ಕೂಗು ಹಾಕುತ್ತಲೇ ಇತ್ತು, ಆ ನಿಲ್ಲದ ಕೂಗಿನಿಂದ ಹುಟ್ಟಿದ ಬಾವೇ ಎಲುಬನ್ನು ಕರಗಿಸುತ್ತಿತ್ತು ಎಂದು ಕಂಡಿತು. 2017ರಲ್ಲಿ ಅಂಥ ಒಬ್ಬ ರೋಗಿಗೆ, ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಕೊಡುವ ಒಂದು ಔಷಧದಿಂದ ಆ ಕೂಗನ್ನು ತಗ್ಗಿಸಿದಾಗ ವಸಡಿನ ಬಾವು ಇಳಿಯಿತು. ಇದು ನಮ್ಮ ನಿಮ್ಮ ವಸಡಿಗೆ ಕೊಡುವ ಔಷಧವಲ್ಲ. ರೋಗವೆಂದರೆ ಹೊರಗಿನವನ ದಾಳಿ ಮಾತ್ರವೆಂಬ ನನ್ನ ಹಳೆಯ ತಿಳಿವಳಿಕೆ ಅದರಿಂದ ಕದಲಿತೆಂದು ಹೇಳಿದೆ.

ಈಗ ತುಸು ಕಷ್ಟದ ಮಾತಿಗೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಸಂಬಂಧ ಒಳಗೇ ಇರಲಿ ಎಂಬುದು ಹಿರಿಯರ ಆಸೆ. ಸೋದರಮಾವನಿಗೆ, ಮಾವನ ಮಗನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹೊಲ ಒಡೆಯದಿರಲೆಂದೋ, ಮಗಳು ಕಣ್ಣೆದುರಿಗಿರಲೆಂದೋ ನಡೆದು ಬಂದ ಪದ್ಧತಿ; ಅದರಲ್ಲಿ ಪ್ರೀತಿಯೂ ಇದೆ, ಲೆಕ್ಕಾಚಾರವೂ ಇದೆ. ಇದು ಹಳ್ಳಿಗಷ್ಟೇ ಸೀಮಿತವಲ್ಲ. 1980ರ ದಶಕದ ಆರಂಭದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ 65,000ಕ್ಕೂ ಹೆಚ್ಚು ಶಿಶುಗಳ ತಂದೆತಾಯಿಗಳನ್ನು ವಿಚಾರಿಸಿದಾಗ ಸುಮಾರು ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧದ್ದಾಗಿತ್ತು. ಸಾಮಾನ್ಯವಾದ ವಸಡಿನ ಬೇನೆ ಒಂದೇ ವಂಶವಾಹಿಯಿಂದ ಬರುವುದಲ್ಲ. ಹತ್ತಾರು ಸಣ್ಣ ಸಣ್ಣ ಒಲವುಗಳು ಸೇರಿದ್ದು ಅದು. ಆದ್ದರಿಂದ ಮಾವನ ಮಗಳನ್ನು ಮದುವೆಯಾದವರ ಹಲ್ಲು ಬೀಳುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅಪರೂಪದ ಕೆಲವು ರೋಗಗಳ ಮಾತು ಬೇರೆ. 1924ರಲ್ಲಿ ಪಪಿಯೋಂ, ಲಫೆವ್ರ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ವರ್ಣಿಸಿದ ರೋಗವೊಂದಿದೆ. ಮಗುವಿಗೆ ಎರಡು ಮೂರು ವರ್ಷವಾಗುವ ಹೊತ್ತಿಗೆ ಅಂಗೈ ಅಂಗಾಲುಗಳ ಚರ್ಮ ದಪ್ಪವಾಗಿ ಬಿರುಸಾಗುತ್ತದೆ. ನಾಲ್ಕೈದು ವರ್ಷಕ್ಕೆ ಹಾಲುಹಲ್ಲುಗಳು ಹುಳುಕಿಲ್ಲದೆಯೇ ಉದುರುತ್ತವೆ. ಮತ್ತೆ ಹುಟ್ಟಿದ ಹಲ್ಲುಗಳೂ ಹರೆಯ ಬರುವಷ್ಟರಲ್ಲಿ ಅದೇ ದಾರಿ ಹಿಡಿಯುತ್ತವೆ. ಬಿಳಿಯ ಕಣಗಳ ಅಸ್ತ್ರಗಳನ್ನು ಹದಗೊಳಿಸುವ ಕೆಥೆಪ್ಸಿನ್ ಸಿ ಎಂಬ ಕಿಣ್ವದ ವಂಶವಾಹಿ ಕೆಟ್ಟಿರುವುದೇ ಇದಕ್ಕೆ ಕಾರಣವೆಂದು 1999ರಲ್ಲಿ ಗೊತ್ತಾಯಿತು. ಹತ್ತು ಲಕ್ಷಕ್ಕೆ ಒಂದರಿಂದ ನಾಲ್ಕು ಜನರಿಗೆ ಮಾತ್ರ ಬರುವ ರೋಗವಿದು. ತಂದೆತಾಯಿಗಳಿಬ್ಬರೂ ಕೆಟ್ಟ ಪ್ರತಿಯೊಂದನ್ನು ಕೊಟ್ಟಾಗಲೇ ಬರುವುದರಿಂದ, ಒಂದೇ ಬಳ್ಳಿಯ ಇಬ್ಬರು ಕೂಡಿದ ಮನೆಗಳಲ್ಲಿ ಇದು ಹೆಚ್ಚು. ಭಾರತದ ಕುಟುಂಬಗಳಲ್ಲಿಯೂ ವೈದ್ಯರು ಇದನ್ನು ವರದಿ ಮಾಡಿದ್ದಾರೆ.

ನಮ್ಮ ಕಡೆ ಅಂಗೈ ಒರಟಾಗಿದ್ದರೆ ಯಾರೂ ಬೆರಗಾಗುವುದಿಲ್ಲ. ಕುಡುಗೋಲು ಹಿಡಿದ ಕೈ ಮೆತ್ತಗಿರುತ್ತದೆಯೇ? ಆದರೆ ಅಂಗನವಾಡಿಯ ಮಗುವಿನ ಅಂಗೈ ರೈತನ ಅಂಗೈಯಂತಿದ್ದು, ಬಾಯಲ್ಲಿ ಹಲ್ಲಿಲ್ಲದಿದ್ದರೆ ಅದು ಯಾರ ಶಾಪವೂ ಅಲ್ಲ, ದೇವರ ಹರಕೆ ತಪ್ಪಿದ್ದೂ ಅಲ್ಲ. ಆ ಮಗುವನ್ನು ಧಾರವಾಡದ್ದೋ ಬಾಗಲಕೋಟೆಯದ್ದೋ ರಾಯಚೂರಿನದ್ದೋ ಬಳ್ಳಾರಿಯದ್ದೋ ದಂತ ಕಾಲೇಜಿಗೆ ಕರೆದೊಯ್ಯಬೇಕು. ಬೇಗ ಹೋದರೆ ಕೆಲವು ಹಲ್ಲುಗಳನ್ನಾದರೂ ಉಳಿಸಿಕೊಳ್ಳುವ ದಾರಿಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿನೆಂಟರವರೆಗಿನ ಮಕ್ಕಳನ್ನು ಶಾಲೆ, ಅಂಗನವಾಡಿಗಳಲ್ಲಿಯೇ ಪರೀಕ್ಷಿಸುವ ವ್ಯವಸ್ಥೆಯಿದೆ. ಹಲ್ಲಿನ ಹುಳುಕನ್ನು ನೋಡುವಾಗ ವಸಡನ್ನೂ ನೋಡಿ, 'ಇವನ ಅಣ್ಣತಮ್ಮಂದಿರ ಹಲ್ಲು ಹೇಗಿವೆ?' ಎಂದು ಒಂದು ಪ್ರಶ್ನೆಯನ್ನು ಕೇಳಿದರೆ ಖರ್ಚೇನೂ ಇಲ್ಲ. ಈ ಪುಟವನ್ನು ಓದುವ ಶಾಲಾ ಶಿಕ್ಷಕರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ಮಗುವಿನ ಅಂಗೈಯನ್ನು ಎಲ್ಲರಿಗಿಂತ ಮೊದಲು ನೋಡುವವರು ಅವರೇ.

ನನ್ನ ತಂಗಿಯನ್ನು ಕೊಟ್ಟದ್ದು ಆ ಮಾಮಾನ ಮಗನಿಗೇ. ಅವನು ಕುಷ್ಟಗಿಯಲ್ಲಿ ನೌಕರಿಯಲ್ಲಿದ್ದಾನೆ. ಮಾಮಾ ಮತ್ತು ಅತ್ತೆ ಈಗ ಅವರೊಡನೆಯೇ ಇದ್ದಾರೆ. ತಂದೆಯ ಹೊಲವೆಲ್ಲ ಅವನ ಪಾಲಿಗೆ ಬಂದರೂ ವಸಡು ಬರಲಿಲ್ಲ. ಅವನ ಹಲ್ಲು ಕಬ್ಬಿಣ. ಮಾಮಾನ ವಸಡು ತಾಯಿಯ ಕಡೆಯಿಂದ ಬಂದದ್ದು ನನಗೆ ಮತ್ತು ನನ್ನ ತಂಗಿಗೆ. ಮದುವೆಯಾಗಿ ಎರಡು ಹೆರಿಗೆಯಾಗುವಷ್ಟರಲ್ಲಿ ಅವಳ ಹಲ್ಲು ಅಲುಗತೊಡಗಿದ್ದುವು. ಅತ್ತೆಗೆ ಇದು ಸೊಸೆಯ ಮೈಗಳ್ಳತನದ ಗುರುತಾಗಿ ಕಂಡಿತು. ಬಾಯಿ ತೊಳೆಯುವುದಕ್ಕೂ ಬೇಸರವೆಂದು ಬಂದವರ ಮುಂದೆ ಹೇಳುತ್ತಿದ್ದಳು. ಅದೇ ಅತ್ತೆಯ ಪಕ್ಕದಲ್ಲಿ, ಅವಳೇ ನೆನೆಯಿಟ್ಟುಕೊಟ್ಟ ರೊಟ್ಟಿಯ ತಾಟನ್ನು ಮುಂದಿಟ್ಟುಕೊಂಡು, ಹಲ್ಲಿಲ್ಲದ ಮಾಮಾ ತಲೆ ತಗ್ಗಿಸಿ ಕೂತಿರುತ್ತಿದ್ದ. ಒಂದೇ ಪಡಸಾಲೆಯಲ್ಲಿ ಒಂದೇ ರೋಗಕ್ಕೆ ಎರಡು ಹೆಸರು! ಗಂಡನದು ಹಣೆಬರಹ, ಸೊಸೆಯದು ನಿಷ್ಕಾಳಜಿ. ಹೆಣ್ಣುಮಕ್ಕಳ ಪಾಲಿಗೆ ಹಣೆಬರಹವೂ ಸುಲಭವಾಗಿ ಸಿಗುವುದಿಲ್ಲವೆಂದು ನನಗೆ ತಿಳಿದದ್ದು ಅಲ್ಲಿ.

ನನ್ನ ಪರೀಕ್ಷೆಯಾದ ವಾರ ಅವಳಿಗೆ ಫೋನು ಮಾಡಿ ಸಂಗತಿಯನ್ನು ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಣ್ಣಾ, ದಿನಾ ಎರಡು ಸರ್ತಿ ತಿಕ್ಕತೀನಿ. ಇಷ್ಟು ವರ್ಷ ಯಾರೂ ನಂಬಲಿಲ್ಲ ನೋಡು" ಎಂದಳು. ನಾನೂ ನಂಬದವರಲ್ಲಿ ಒಬ್ಬನೆಂಬುದನ್ನು ಅವಳು ಹೇಳಲಿಲ್ಲ, ಅವಳ ದೊಡ್ಡತನ.

ವೈದ್ಯರಲ್ಲಿಗೆ ಬರಲು ಅವಳಿಗೆ ಇನ್ನೊಂದು ಅಂಜಿಕೆಯಿತ್ತು. ಹಲ್ಲನ್ನು ಕ್ಲೀನು ಮಾಡಿಸಿದರೆ ಸಡಿಲವಾಗುತ್ತವೆಂದು ನಮ್ಮಲ್ಲಿ ಬಲವಾದ ನಂಬಿಕೆ. ಇದರಲ್ಲಿ ಒಂದು ಕಣ್ಣಿನ ಸಾಕ್ಷಿಯೂ ಇದೆ. ಎಲುಬು ಕರಗಿದ ಬಾಯಲ್ಲಿ ಹಲ್ಲನ್ನು ಹಲ್ಲಿಗೆ ಬೆಸೆದು ನಿಲ್ಲಿಸಿರುವುದು ಎಷ್ಟೋ ವೇಳೆ ವರ್ಷಗಟ್ಟಲೆ ಕಟ್ಟಿದ ಗಾರೆಯೇ. ಅದನ್ನು ತೆಗೆದಾಗ ಅಲುಗಾಟ ಗೊತ್ತಾಗುತ್ತದೆ. ಬಿರುಕು ಬಿಟ್ಟ ಗೋಡೆಯ ಮೇಲಿನ ಸುಣ್ಣವನ್ನು ಕೆರೆದವನನ್ನೇ ಬಿರುಕಿಗೆ ಹೊಣೆ ಮಾಡಿದಂತೆ ಈ ದೂರು. ಇದರಿಂದ ಆಗುವ ನಷ್ಟ ಸಣ್ಣದಲ್ಲ. ನಮ್ಮ ಜನ ಹಲ್ಲಿನ ವೈದ್ಯರ ಮೆಟ್ಟಿಲು ಹತ್ತುವುದು ಕೀಳಿಸುವುದಕ್ಕೆ. ಉಳಿಸುವುದಕ್ಕೆ ಹೋಗುವ ಹೊತ್ತಿನಲ್ಲಿ ನೋವೇ ಇರುವುದಿಲ್ಲವಾದ್ದರಿಂದ ಹೋಗುವುದೇ ಇಲ್ಲ.

ವಂಶದ ಮಾತನ್ನು ಹೇಳಿದಾಗ ಕೆಲವು ಗೆಳೆಯರು ಅದನ್ನು ಹಣೆಬರಹ ಎಂಬುದರ ಹೊಸ ಅನುವಾದವೆಂದು ತಿಳಿದರು. "ಹಂಗಾದ್ರ ತಿಕ್ಕಿ ಏನು ಉಪಯೋಗರೀ?" ಎಂದರು ಒಬ್ಬ ಅಧ್ಯಾಪಕರು, ಗುಟ್ಕಾದ ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳುತ್ತ. ಉತ್ತರ ತಿರುಗುಮುರುಗು. ಆ 11 ಮಂದಿಯಲ್ಲಿ ಹುಟ್ಟಿದವನು ಹಲ್ಲುಜ್ಜದೆ ಬದುಕಬಹುದು; 8 ಮಂದಿಯಲ್ಲಿ ಹುಟ್ಟಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಮಾಮಾನ ಬೇವಿನ ಕಡ್ಡಿ ಹಲ್ಲಿನ ಹೊರಮೈಯನ್ನು ತಿಕ್ಕಿತು, ಎರಡು ಹಲ್ಲುಗಳ ನಡುವಿಗೆ ಇಳಿಯಲಿಲ್ಲ. ಇತರರಿಗೆ ಅಷ್ಟು ಸಾಕಾಗುತ್ತಿತ್ತು, ಅವನಿಗೆ ಸಾಕಾಗಲಿಲ್ಲ. ಅದರ ಮೇಲೆ ತಂಬಾಕು ಬಂದರೆ ವಸಡಿನ ಸಣ್ಣ ನಾಳಗಳು ಮುದುಡಿ ರಕ್ತ ಒಸರುವುದು ಕಡಿಮೆಯಾಗುತ್ತದೆ. ಅಂದರೆ ಕಳ್ಳ ಒಳಗಿರುವಾಗ ನಾಯಿಯ ಬಾಯನ್ನು ಕಟ್ಟಿದಂತೆ. ಸಕ್ಕರೆ ಕಾಯಿಲೆ ಹದ್ದಿನಲ್ಲಿಲ್ಲದಿದ್ದರೆ ವಸಡಿನ ಬೇನೆ ಎರಡು ಮೂರು ಪಟ್ಟು ಹೆಚ್ಚು. ವಸಡಿನ ಬಾವು ಹದ್ದಿನಲ್ಲಿಲ್ಲದಿದ್ದರೆ ಸಕ್ಕರೆಯೂ ಹದ್ದಿಗೆ ಬರಲು ಒಲ್ಲೆನೆನ್ನುತ್ತದೆ. 2018ರಲ್ಲಿ ಜಗತ್ತಿನ ವಸಡಿನ ತಜ್ಞರು ಪ್ರಕಟಿಸಿದ ಹೊಸ ವರ್ಗೀಕರಣದಲ್ಲಿ, ಎಷ್ಟು ಎಲುಬು ಹೋಗಿದೆಯೆಂಬುದರ ಜೊತೆಗೆ ಎಷ್ಟು ವೇಗವಾಗಿ ಹೋಗುತ್ತಿದೆಯೆಂಬುದನ್ನೂ, ತಂಬಾಕು ಸಕ್ಕರೆಗಳನ್ನೂ ಲೆಕ್ಕಕ್ಕೆ ಹಿಡಿದಿರುವುದು ಇದಕ್ಕಾಗಿಯೇ.

ವಂಶವಾಹಿಯ ಪರೀಕ್ಷೆಗೆ ರಕ್ತ ಕೊಡಬೇಕೆ ಎಂದು ನಾನು ವೈದ್ಯರನ್ನು ಕೇಳಿದೆ. ಸಾಮಾನ್ಯವಾದ ಬೇನೆಗೆ ಬೇಡವೆಂದರು. ಒಂದು ವಂಶವಾಹಿಯನ್ನು ಹಿಡಿದು ಭವಿಷ್ಯ ಹೇಳುವ ಪರೀಕ್ಷೆಗಳು ಪೇಟೆಗೆ ಬಂದಿದ್ದುವು. ಅವುಗಳ ಮಾತು ಎಲ್ಲ ಜನಾಂಗಗಳಲ್ಲಿ ಒಂದೇ ತೆರನಾಗಿ ನಿಲ್ಲಲಿಲ್ಲವಂತೆ. ಅದಕ್ಕಿಂತ ಅಗ್ಗವಾದ, ಬಲವಾದ ಪರೀಕ್ಷೆ ಮನೆಯಲ್ಲಿಯೇ ಇದೆ: ಅಜ್ಜ, ಅಜ್ಜಿ, ಸೋದರಮಾವ, ಚಿಕ್ಕಮ್ಮ ಎಷ್ಟನೆಯ ವಯಸ್ಸಿಗೆ ಖಟಿ ರೊಟ್ಟಿಯನ್ನು ಬಿಟ್ಟರೆಂಬ ನೆನಪು. ನಮ್ಮಲ್ಲಿ ಮದುವೆಯ ಮಾತುಕತೆಯಲ್ಲಿ ಏಳು ತಲೆಮಾರಿನ ಬಳಿ ಬೆಡಗುಗಳನ್ನು ಬಾಯಿಪಾಠವಾಗಿ ಹೇಳುವ ಮುದುಕರಿದ್ದಾರೆ. ಆ ನೆನಪಿನ ಒಂದು ಮೂಲೆಯನ್ನು ಹಲ್ಲಿಗೆ ಮೀಸಲಿಟ್ಟರೆ ಸಾಕು. ಒಬ್ಬರ ವಸಡು 40ರೊಳಗೆ ಕಳಚಿತೆಂದರೆ ಅವರ ಒಡಹುಟ್ಟಿದವರನ್ನೂ ಹರೆಯಕ್ಕೆ ಬಂದ ಮಕ್ಕಳನ್ನೂ, ನೋವಿರಲಿ ಇಲ್ಲದಿರಲಿ, ಆ ಗೆರೆಗಳ ಸಲಾಕೆಯ ಮುಂದೆ ಕೂಡಿಸಬೇಕು. ನಾನು ವಾದಿಸಹೊರಟಿದ್ದು ಇಷ್ಟನ್ನೇ.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆಂದು ಎಲ್ಲರೂ ಕೊಪ್ಪಳದ ನಮ್ಮ ಮನೆಗೆ ಬಂದರು. ತೇರು ಎಳೆದ ಮರುದಿನ ತಂಗಿಯನ್ನೂ ಅವಳ 17 ವರ್ಷದ ಮಗನನ್ನೂ ವೈದ್ಯರಲ್ಲಿಗೆ ಕರೆದೊಯ್ದೆ. ತಂಗಿಯ ಮೂರು ಹಲ್ಲು ಉಳಿಯುವಂತಿರಲಿಲ್ಲ. ಉಳಿದುವಕ್ಕೆ ವಸಡಿನ ಕೆಳಗಿನ ಗಾರೆಯನ್ನು ತೆಗೆದು ಮೂರು ತಿಂಗಳಿಗೊಮ್ಮೆ ಬರಲು ಹೇಳಿದರು. ಆಮೇಲೆ ಹುಡುಗನ ಸರದಿ. ಅವನು ನನ್ನ ತಂಗಿಯ ಮಗ, ಮಾಮಾನ ಮೊಮ್ಮಗ. ಎರಡು ಕಡೆಯಿಂದಲೂ ಅದೇ ಬಳ್ಳಿಯವನು. ಹಲ್ಲುಗಳು ನೋಡುವುದಕ್ಕೆ ಜಾಹೀರಾತಿನಲ್ಲಿರುವಂತಿವೆ. ವೈದ್ಯರು ಅಳೆಯುತ್ತ ಅಂಕಿ ಹೇಳುತ್ತಿದ್ದರು, ಸಹಾಯಕಿ ಬರೆದುಕೊಳ್ಳುತ್ತಿದ್ದಳು. ಎರಡು, ಮೂರು, ಎರಡು. ಎರಡು, ಎರಡು, ಮೂರು. ಮೊದಲ ದೊಡ್ಡ ದವಡೆಹಲ್ಲಿನ ಹತ್ತಿರ ದನಿ ಒಂದು ಗಳಿಗೆ ನಿಂತು, "ಐದು" ಎಂದಿತು. ಆಚೆಯ ಬದಿಯಲ್ಲಿಯೂ ಐದು. ಎಕ್ಸ್‌ರೇಯಲ್ಲಿ ಎಲುಬು ಸ್ವಲ್ಪವೇ ಸರಿದಿತ್ತು. ಈಗ ಬಂದದ್ದು ಒಳ್ಳೆಯದಾಯಿತೆಂದು ಹೇಳಿ ವೈದ್ಯರು ಅಂದೇ ಕೆಲಸವನ್ನು ಆರಂಭಿಸಿದರು.

ಸಂಜೆ ಮನೆಗೆ ಬಂದಾಗ ಪಡಸಾಲೆಯಲ್ಲಿ ಮಾಮಾ ಒಬ್ಬನೇ ಕೂತಿದ್ದ. ಅವನಿಗೆ ಈಗ 75 ವರ್ಷ. ಹಲ್ಲಿನ ಸೆಟ್ಟು ಮಾಡಿಸಿಕೊಟ್ಟರೂ ಹಾಕಿಕೊಳ್ಳುವುದಿಲ್ಲ. ಹುಡುಗ ಅವನ ಪಕ್ಕದಲ್ಲಿ ಕೂತು, ಊದಿದ ತುಟಿಯಲ್ಲಿಯೇ, ಅಂದು ಕೇಳಿದ್ದನ್ನೆಲ್ಲ ಹೇಳಿದ. ಸಿಂಹಳದ ಆಳುಗಳು, ಅವಳಿಜವಳಿಗಳು, ಕರಡಿ, ಎಲ್ಲವೂ ಬಂದುವು. ಕೊನೆಗೆ, "ಅಜ್ಜಾ, ನಿನ್ನ ತಪ್ಪಲ್ಲಂತ. ಅವ್ವಂದೂ ಅಲ್ಲಂತ" ಎಂದ.

ಮುದುಕ ಬಹಳ ಹೊತ್ತು ಬಾಗಿಲ ಕಡೆಗೆ ನೋಡುತ್ತ ಕೂತ. ಆಮೇಲೆ ಅಡಿಗೆಮನೆಯ ಕಡೆಗೆ ಗದ್ದವನ್ನು ಎತ್ತಿ ತೋರಿಸಿ, "ಅದನ್ನ ನಿಮ್ಮಜ್ಜಿ ಮುಂದ ಹೇಳು ಹೋಗು" ಎಂದ.